ಚಕ್ರಗಳು ಬಂದಿವೆ

ಟೈರ್ ಅಂಗಡಿಯಿಂದ ಫೋನು ಬಂದಾಗ ಟೈಲರ್ ಯಾರದೋ ಪ್ಯಾಂಟಿನ ಸೊಂಟಪಟ್ಟಿ ಬಿಚ್ಚಿ ಅಗಲ ಮಾಡುತ್ತಿದ್ದ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ. ಅದನ್ನು ತೆಗೆಯದೆಯೇ ಹಲೋ ಅಂದ.

“ಮೇಡಂ ಇದಾರಾ ಸರ್?”

“ಇಲ್ಲ.”

“ಬಂದ್ಮೇಲೆ ಹೇಳ್ಬಿಡಿ. ಅವರ ವ್ಯಾನಿನ ಚಕ್ರಗಳು ಬಂದಿವೆ. ಲೇಟಾಯ್ತು, ಬೈಕೋಬೇಡಿ ಅನ್ನಿ. ಐದಕ್ಕೂ ಟೈರ್ ಕೂರಿಸಿ ಇಟ್ಟಿದೀನಿ. ವ್ಯಾನ್ ತಂದ್ರೆ ಅರ್ಧ ದಿನದ ಕೆಲಸ.”

“ಸರಿ,” ಅಂದ ಟೈಲರ್. ಫೋನನ್ನು ಕತ್ತರಿಯ ಪಕ್ಕಕ್ಕಿಟ್ಟು ಮತ್ತೆ ಹೊಲಿಗೆ ಬಿಚ್ಚತೊಡಗಿದ.

ಅವನ ಹೆಂಡತಿ ತೀರಿಕೊಂಡು ಐದು ತಿಂಗಳಾಗಿತ್ತು. ಇಲ್ಲ ಅಂದದ್ದು ಸುಳ್ಳೇನಲ್ಲ. ಯಾರು ಕೇಳಿದರೂ ಅವನು ಅಷ್ಟೇ ಹೇಳುತ್ತಿದ್ದ. ಗೊತ್ತಿದ್ದವರು ತಲೆ ತಗ್ಗಿಸುತ್ತಿದ್ದರು. ಗೊತ್ತಿಲ್ಲದವರು ಆಮೇಲೆ ಬರ್ತೀವಿ ಬಿಡಿ ಎಂದು ಹೋಗುತ್ತಿದ್ದರು. ಎರಡರಿಂದಲೂ ಅವನಿಗೆ ತೊಂದರೆಯಿರಲಿಲ್ಲ.

ಅವಳು ಶಾಲೆಯ ಬಸ್ಸು ಓಡಿಸುತ್ತಿದ್ದಳು. ಬೀದಿಗೆಲ್ಲ ಬಸ್ಸಮ್ಮ. ಮೂರು ವರ್ಷದ ಹಿಂದೆ, ಬ್ರೆಡ್ಡು ಸಾಗಿಸಿ ಸಾಗಿಸಿ ಸವೆದುಹೋಗಿದ್ದ ಹಳೇ ವ್ಯಾನೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದ್ದಳು. ಅಲ್ಲಿಂದಾಚೆ ರಜ ಬಂತೆಂದರೆ ಅದರ ಹೊಟ್ಟೆಯೊಳಗೇ ಇರುತ್ತಿದ್ದಳು. ಹಲಗೆ ಕೊಯ್ದು ಎಳೆಯುವ ಮಂಚ ಮಾಡಿದಳು. ಸಣ್ಣ ಒಲೆ ಕೂರಿಸಿದಳು. ನೀರಿನ ಟ್ಯಾಂಕು, ಎರಡನೇ ಬ್ಯಾಟರಿ, ಮಡಚುವ ಮೇಜು, ಪಾತ್ರೆಗೊಂದು ಗೂಡು, ಒಂದೊಂದಾಗಿ ಎಲ್ಲ ಸೇರಿಕೊಂಡವು. ಪರದೆ ಮಾತ್ರ ಟೈಲರ್ ಹೊಲಿದುಕೊಟ್ಟಿದ್ದ. ಅವನಿಗೆ ಗಾಡಿ ಗೀಡಿ ಬರುತ್ತಿರಲಿಲ್ಲ. ಸೈಕಲ್ ಕೂಡ ಇಳಿಜಾರಿನಲ್ಲಿ ಇಳಿದು ತಳ್ಳುವ ಪೈಕಿ.

ಒಂದು ಬೆಳಗ್ಗೆ ಶಾಲೆಯ ಬಸ್ಸು ತೊಳೆಯುತ್ತಿದ್ದವಳು ತಲೆ ಸಿಡೀತಿದೆ ಎಂದು ಮೆಟ್ಟಿಲ ಮೇಲೆ ಕೂತಳು. ಮತ್ತೆ ಏಳಲಿಲ್ಲ.

ಎಲ್ಲ ಮುಗಿದ ಮರುದಿನ ಟೈಲರ್ ಅಂಗಡಿ ತೆರೆದ. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ: ಒಂದು ಹೊಲಿಗೆ ಯಂತ್ರ, ಉದ್ದದ ಮೇಜು, ಕನ್ನಡಿ. ಊಟಕ್ಕೆ ಕರೆದರೆ ಬರುತ್ತಿದ್ದ, ಬಡಿಸಿದ್ದನ್ನು ತಿನ್ನುತ್ತಿದ್ದ. ಒಂದು ದಿನ ಅತ್ತೆ ಬೇಳೆಗೆ ಉಪ್ಪು ಹಾಕುವುದನ್ನೇ ಮರೆತಾಗ ಮಗಳು ಮೊದಲ ತುತ್ತಿಗೇ ತಟ್ಟೆ ಸರಿಸಿದಳು. ಅವನು ಇನ್ನೊಂದು ಸಲ ಬಡಿಸಿಕೊಂಡ.

“ನಾಲಿಗೆ ಸತ್ತುಹೋಗಿದೆಯೇನಪ್ಪ ನಿಂಗೆ?” ಎಂದಳು ಮಗಳು.

“ಚೆನ್ನಾಗೇ ಇದೆಯಲ್ಲ.”

ಮನೆಯಲ್ಲಿ ಈಗ ಮೂವರು. ಟೈಲರ್, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು, ಹೆಂಡತಿಯ ತಾಯಿ. ಅಡುಗೆ ಅತ್ತೆಯದು. ಮಂಡಿ ನೋವು ಅಂತ ಸ್ಟೂಲಿನ ಮೇಲೆ ಕೂತೇ ಒಗ್ಗರಣೆ ಹಾಕುವರು. ಬಟ್ಟೆ ಮಗಳದು, ಪಾತ್ರೆ ಟೈಲರದು. ಮೊದಲು ಪಾತ್ರೆ ಹೆಂಡತಿಯದಾಗಿತ್ತು. ಯಾರೂ ಹಂಚಿಕೊಟ್ಟದ್ದಲ್ಲ, ಸಿಂಕಿನಲ್ಲಿ ತುಂಬಿಕೊಂಡ ಮೇಲೆ ಅವನೇ ಹೋಗಿ ನಿಂತಿದ್ದ, ಅಲ್ಲೇ ನಿಂತ.

ಚಕ್ರದ ವಿಷಯವನ್ನು ಅವನು ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದೇನಲ್ಲ, ಹೇಳಲು ಬಾಯಿ ತೆರೆಯುವಷ್ಟು ಅದು ದೊಡ್ಡದೆನಿಸಲಿಲ್ಲ.

ಮುಂದಿನ ವಾರ ಊಟದ ಹೊತ್ತಿಗೆ ಮತ್ತೆ ಫೋನು ಬಂತು. ಟೈಲರನ ಕೈ ಎಂಜಲಾಗಿತ್ತು. ಮಗಳು ತೆಗೆದುಕೊಂಡಳು. ಸ್ವಲ್ಪ ಹೊತ್ತು ಹೂಂ ಹೂಂ ಎಂದು ಕೇಳಿ, ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು.

“ಅಪ್ಪ, ಚಕ್ರ ಬಂದಿವೆಯಂತೆ. ಹೋದ ವಾರಾನೇ ನಿಂಗೆ ಹೇಳಿದ್ರಂತೆ.”

“ಹೂಂ.”

“ಏನು ಹೂಂ? ಯಾವ ಚಕ್ರ? ಯಾವಾಗ ಆರ್ಡರ್ ಕೊಟ್ಟಿದ್ಲು ಅಮ್ಮ?”

“ಗೊತ್ತಿಲ್ಲ. ಇರೋ ಚಕ್ರ ಚಿಕ್ಕವು ಅಂತಿದ್ಲು. ದೊಡ್ಡವು ಬೇಕು ಅಂತ.”

“ನಿಂತಲ್ಲೇ ನಿಂತಿರೋ ಗಾಡಿಗೆ ದೊಡ್ಡ ಚಕ್ರ ಯಾಕೆ? ನಾಳೆ ನಾನೇ ಹೋಗಿ ಬೇಡ ಅಂತ ಹೇಳಿ ಬರ್ತೀನಿ. ಆಮೇಲೆ ಆ ವ್ಯಾನು ಮಾರೋಣ. ದಿನಾ ಬಾಗಿಲು ತೆಗೆದ್ರೆ ಅದೇ ಎದುರಿಗೆ ನಿಂತಿರುತ್ತೆ. ಗೇಟಿಗೆ ಹೋಗ್ಬೇಕಾದ್ರೂ ಅದರ ಮೈ ಸವರ್ಕೊಂಡೇ ಹೋಗ್ಬೇಕು. ನನ್ನ ಕೈಲಿ ಆಗಲ್ಲ.”

ಅತ್ತೆ ಅನ್ನದ ಪಾತ್ರೆಯ ತಳ ಕೆರೆಯುತ್ತಿದ್ದವರು ಕೈ ನಿಲ್ಲಿಸಿದರು. “ಮಾರೋದು ಕೊಳ್ಳೋದು ಆಮೇಲಾಯ್ತು. ಮೊದ್ಲು ಚಕ್ರ ಹಾಕಿಸಿ.”

“ಯಾಕಜ್ಜಿ?”

“ಅವಳು ಹಾಕಿಸ್ಬೇಕು ಅಂದಿದ್ಲು. ಅದಕ್ಕೆ.”

“ಅವಳು ಎಷ್ಟೋ ಅಂದಿದ್ಲು. ಮಹಡಿ ಮೇಲೊಂದು ರೂಮು ಕಟ್ಟಬೇಕು ಅಂದಿದ್ಲು. ಕಟ್ಟಿಸ್ತೀಯಾ?”

“ನಿಮ್ಮ ಮಗಳಿಗೆ ಬಾಯಿ ಜಾಸ್ತಿಯಾಗಿದೆ ಅಳಿಯಂದ್ರೇ,” ಎಂದರು ಅತ್ತೆ.

ಟೈಲರ್ ಎದ್ದು ಕೈತೊಳೆದುಕೊಂಡ. ತಟ್ಟೆಗಳನ್ನು ಒಂದರ ಮೇಲೊಂದಿಟ್ಟು ಸಿಂಕಿಗೆ ಒಯ್ದು ನಲ್ಲಿ ಬಿಟ್ಟ. ನೀರಿನ ಸದ್ದಿನಲ್ಲಿ ಅಜ್ಜಿ ಮೊಮ್ಮಗಳು ಹೇಳಿಕೊಂಡದ್ದು ಯಾವುದೂ ಅವನಿಗೆ ಕೇಳಿಸಲಿಲ್ಲ. ಅದಕ್ಕೇ ನಲ್ಲಿ ಜೋರಾಗಿ ಬಿಡುವುದು ಅವನಿಗೆ ರೂಢಿಯಾಗಿತ್ತು.

ಮಗಳು ಹೇಳಿದಂತೆ ಟೈರ್ ಅಂಗಡಿಗೆ ಹೋಗಿಬಂದಳು. ಚಕ್ರ ಬೇಡ, ವಾಪಸ್ ತಗೊಳ್ಳಿ, ಅಮ್ಮ ತೀರಿಕೊಂಡಿದಾರೆ ಎಂದಳಂತೆ. ಅಂಗಡಿಯವನು ಕೂತಲ್ಲಿಂದ ಎದ್ದುನಿಂತನಂತೆ. “ಅಯ್ಯೋ, ನಾನು ಎರಡೆರಡು ಸಲ ಫೋನ್ ಮಾಡಿ ಮೇಡಂ ಇದಾರಾ ಅಂತ ಕೇಳ್ತಿದೀನಲ್ಲ,” ಎಂದು ಹಣೆ ಹಣೆ ಚಚ್ಚಿಕೊಂಡನಂತೆ. ವಾಪಸ್ ತಗೊಳ್ತೀನಿ ಅಂತಲೂ ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ. ಅವನಿಗೆ ಏನು ತೋಚಿತೋ ಏನೋ, ಆ ಸಂಜೆಯೇ ಟೆಂಪೋದಲ್ಲಿ ಐದೂ ಚಕ್ರಗಳನ್ನು ಮನೆಗೆ ಕಳಿಸಿಬಿಟ್ಟ.

ಅಂಗಳದಲ್ಲಿ ಜಾಗವಿಲ್ಲ. ಗೇಟಿನ ಹೊರಗಿಟ್ಟರೆ ಬೆಳಗಿನ ಹೊತ್ತಿಗೆ ಇರುವುದಿಲ್ಲ. ಕೊನೆಗೆ ನಡುಮನೆಗೇ ಉರುಳಿಸಿಕೊಂಡು ಬಂದರು. ಮೂರು ಗೋಡೆಯ ಬದಿಗೆ ಪೇರಿಸಿದ್ದಾಯಿತು, ಎರಡು ಊಟದ ಮೇಜಿನ ಪಕ್ಕಕ್ಕೆ. ಬೂದುಬಣ್ಣದ ಉಕ್ಕಿನ ಚಕ್ರ, ಅದರ ಮೇಲೆ ದಪ್ಪ ಹಲ್ಲಿನ ಕಪ್ಪು ಟೈರು. ಹಲ್ಲಿನ ಸಂದಿಯಲ್ಲಿ ಬೆರಳು ಪೂರ್ತಿ ಮುಳುಗುತ್ತಿತ್ತು. ಮನೆಯೆಲ್ಲ ಹೊಸ ರಬ್ಬರಿನ ವಾಸನೆ. ಚಹಾದಲ್ಲಿ, ಬ್ರೆಡ್ಡಿನಲ್ಲಿ, ಒಗೆದ ದಿಂಬಿನ ಚೀಲದಲ್ಲಿ ಅದೇ. ಪ್ಯಾಂಟು ಒಯ್ಯಲು ಬಂದ ಗಿರಾಕಿ ಮೂಗರಳಿಸಿ, “ಏನ್ ಟೈಲರೇ, ಚಪ್ಪಲಿ ಅಂಗಡಿ ಶುರು ಮಾಡಿದ್ರಾ?” ಅಂದ.

“ಇಲ್ಲ, ಚಕ್ರ,” ಎಂದ ಟೈಲರ್.

ವಾರ ಕಳೆಯುವುದರೊಳಗೆ ಅವು ಮನೆಯ ಸಾಮಾನೇ ಆಗಿಹೋದವು. ಅತ್ತೆ ಅಡ್ಡ ಮಲಗಿಸಿದ ಚಕ್ರದ ಮೇಲೊಂದು ದಿಂಬು ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದರು. ಮಂಡಿಗೆ ಈ ಎತ್ತರ ಸರಿಹೋಗುತ್ತೆ ಅನ್ನುತ್ತಿದ್ದರು. ಮಗಳು ಕೆಲಸದಿಂದ ಬಂದವಳು ಕತ್ತಲಲ್ಲಿ ಕಾಲು ತಗುಲಿಸಿಕೊಂಡು ಬೈಯುತ್ತಿದ್ದಳು. ಬೈದವಳೇ ಬ್ಯಾಗನ್ನು ಅದರ ಮೇಲೇ ಇಡುತ್ತಿದ್ದಳು. ಟೈಲರ್ ಸುತ್ತು ಹಾಕಿಕೊಂಡು ಓಡಾಡುವುದನ್ನು ಕಲಿತ.

ಆ ಭಾನುವಾರ ಮಗಳು ವ್ಯಾನು ನೋಡಲು ಇಬ್ಬರನ್ನು ಕರೆತಂದಳು. ಹೊಸದಾಗಿ ಮದುವೆಯಾದ ಜೋಡಿ. ಹುಡುಗಿಯ ಕೈಯಲ್ಲಿ ಟಾರ್ಚು, ಹುಡುಗನ ಕೈಯಲ್ಲಿ ಅಳತೆ ಟೇಪು. ಬಂದವರೇ ನೆಲಕ್ಕೆ ಮಂಡಿಯೂರಿ ತಳ ನೋಡಿದರು. ಒಳಗೆ ನೋಡಬಹುದಾ ಎಂದರು. ಮಗಳು ಪಕ್ಕದ ಬಾಗಿಲಿಗೆ ಕೈ ಹಾಕಿದಳು. ಒಳಗಿಂದ ಚಿಲಕ ಬಿದ್ದಿತ್ತು.

“ಅಜ್ಜಿ!”

“ಯಾರದು?” ಒಳಗಿಂದ ಅತ್ತೆಯ ದನಿ ಬಂತು.

“ನಾನು. ಬಾಗಿಲು ತೆಗಿ.”

“ನಾನು ಮಲಗಿದೀನಿ.”

“ಮನೇಲಿ ಮಂಚ ಇಲ್ವಾ?”

“ಅಲ್ಲಿ ಟೈರ್ ವಾಸನೆ.”

ಟಾರ್ಚಿನ ಹುಡುಗಿಗೆ ನಗು ತಡೆಯಲಾಗಲಿಲ್ಲ. “ಪರವಾಗಿಲ್ಲ ಬಿಡಿ, ಅಜ್ಜಿ ನಿದ್ದೆ ಮಾಡ್ಲಿ, ಇನ್ನೊಂದಿನ ಬರ್ತೀವಿ,” ಅಂದಳು. ಮಗಳು ಕಿಟಕಿಯ ಗಾಜು ತಟ್ಟಿದಳು, ಬೇಡಿಕೊಂಡಳು, ಹಲ್ಲು ಕಚ್ಚಿಕೊಂಡು ಬೈದಳು. ಒಳಗೆ ಪರದೆ ಅಲುಗಾಡಲಿಲ್ಲ. ಜೋಡಿ ಹೊರಟುಹೋಯಿತು. ಗೇಟಿನ ಸದ್ದಾದ ಮೇಲೆ ಚಿಲಕ ತೆಗೆದ ಸದ್ದು ಕೇಳಿತು.

ಊಟಕ್ಕೆ ಕೂತಾಗ ಮಗಳು ಬಡಿಸಿದ್ದನ್ನು ಮುಟ್ಟಲಿಲ್ಲ.

“ಮರ್ಯಾದೆ ತೆಗೆದೆಯಲ್ಲಜ್ಜಿ. ಅವರಿಗೆ ಏನಂತ ಮುಖ ತೋರಿಸ್ಲಿ ನಾನು?”

“ಇರೋ ಮುಖಾನೇ ತೋರಿಸು.”

“ನಿಂಗೇನು ಬೇಕು ಆ ವ್ಯಾನಿಂದ? ಹೇಳು, ಅದನ್ನಾದ್ರೂ ಹೇಳು. ನಿಂಗೆ ಅಂಗಡಿವರೆಗೂ ನಡೆಯೋಕಾಗಲ್ಲ. ಅಪ್ಪಂಗೆ ಓಡಿಸೋಕೆ ಬರಲ್ಲ. ನಾನು ಅದರ ಸ್ಟೇರಿಂಗ್ ಮುಟ್ಟಲ್ಲ. ಯಾರು ಎಲ್ಲಿಗೆ ಹೋಗ್ಬೇಕು ಅದರಲ್ಲಿ?”

“ನಾನು ಹೋಗ್ಬೇಕು,” ಎಂದರು ಅತ್ತೆ. “ಕಲ್ಲುಗಣಿಗೆ. ನನ್ನ ತಂಗಿ ಹತ್ರ.”

“ಚಿಕ್ಕಜ್ಜಿ ಹತ್ರನಾ? ಫೋನ್ ಮಾಡು.”

“ಅವಳಿಗೆ ಕಿವಿ ಕೇಳುತ್ತಾ, ಫೋನಲ್ಲಿ ಮಾತಾಡೋಕೆ? ಮುಂದೆ ನಿಂತು ಕಿರುಚಿದ್ರೇ ಅರ್ಧ ಕೇಳಲ್ಲ. ಗಣಿ ಗುಮಾಸ್ತನಿಗೆ ಫೋನ್ ಮಾಡೋದು, ಅವನು ಹೋಗಿ ಅವಳ ಹತ್ರ ಕೂಗಿ ಹೇಳೋದು. ಹಂಗೇ ನಡೀತಿದೆ.”

“ಮತ್ತೆ ಹಂಗೇ ಹೇಳಿಸು.”

ಅತ್ತೆ ಅನ್ನ ಕಲಸಿದರು. ಕಲಸಿದ್ದನ್ನೇ ಮತ್ತೆ ಕಲಸಿದರು.

“ಅವಳಿಗೆ ಗೊತ್ತಿಲ್ಲ,” ಎಂದರು.

“ಏನು ಗೊತ್ತಿಲ್ಲ?”

“ನಿಮ್ಮಮ್ಮ ಹೋಗಿದ್ದು.”

ಟೈಲರ್ ತಲೆಯೆತ್ತಿ ನೋಡಿದ. ಅತ್ತೆ ಅವನ ಮುಖ ನೋಡದೆ ಹೇಳುತ್ತ ಹೋದರು. ಬಸ್ಸಮ್ಮನನ್ನು ಹೆತ್ತದ್ದು ತಾನಾದರೂ ಸಾಕಿದ್ದು ತಂಗಿ. ತಾನು ಗಿರಣಿ ಕೆಲಸಕ್ಕೆ ಪಟ್ಟಣ ಸೇರಿದಾಗ ಮಗು ಅಲ್ಲೇ ಗಣಿಯ ಮನೆಯಲ್ಲಿ ಬೆಳೆಯಿತು. ಕಲ್ಲಿನ ಲಾರಿಯಲ್ಲೇ ಗಾಡಿ ಓಡಿಸಲು ಕಲಿತದ್ದು. ತಂಗಿಗೆ ಮಕ್ಕಳಿಲ್ಲ. ಇದೆಲ್ಲ ಟೈಲರನಿಗೂ ಗೊತ್ತಿದ್ದದ್ದೇ. ಗೊತ್ತಿಲ್ಲದಿದ್ದುದು ಇಷ್ಟು: ಸುದ್ದಿಯನ್ನು ಗುಮಾಸ್ತನ ಬಾಯಲ್ಲಿ ಹೇಳಿಸಲು ಅತ್ತೆಗೆ ಮನಸ್ಸು ಬಂದಿರಲಿಲ್ಲ. ಊರೆಲ್ಲ ಕೇಳುವ ಹಾಗೆ ಅವನು ಕಿರುಚುವುದು, ಅವಳೊಬ್ಬಳೇ ನಿಂತು ಕೇಳುವುದು ಬೇಡ, ನಾನೇ ಹೋಗಿ ಹೇಳ್ತೀನಿ ಅಂದುಕೊಂಡರು. ಇವತ್ತು, ನಾಳೆ, ಮುಂದಿನ ವಾರ. ಅಲ್ಲಿಯವರೆಗೆ ಪ್ರತಿ ಸಲವೂ ಎಲ್ಲ ಚೆನ್ನಾಗಿದಾರೆ ಎಂದು ಹೇಳಿಸುತ್ತ ಬಂದರು.

“ಐದು ತಿಂಗಳಿಂದ?” ಎಂದಳು ಮಗಳು.

“ಪ್ರತಿ ಸಲಾನೂ ಆ ಕಡೆಯಿಂದ ಒಂದೇ ಕೇಳ್ತಾಳೆ, ಚಕ್ರ ಹಾಕಿಸಿದ್ಲಾ ಅಂತ. ಹೋದ ವರ್ಷ ನಿಮ್ಮಮ್ಮ ನಾನು ಇಬ್ರೂ ಹೊರಟಿದ್ವಿ. ಗಣಿ ರಸ್ತೆಯ ಕಲ್ಲಿಗೆ ಎರಡು ಟೈರು ಒಟ್ಟಿಗೆ ಸೀಳಿಹೋದ್ವು. ಲಾರಿಗೆ ಕಟ್ಟಿ ಎಳೆಸ್ಕೊಂಡು ವಾಪಸ್ ಬಂದ್ವಿ. ನಿಮ್ಮಿಬ್ರಿಗೆ ಪಂಕ್ಚರ್ ಅಂತ ಹೇಳಿದ್ಲಲ್ಲ, ಅದು. ಅವತ್ತೇ ಅಂದ್ಲು, ಅಮ್ಮ, ಈ ಗಾಡಿಗೆ ಸರಿಯಾದ ಚಕ್ರ ಹಾಕಿಸಿ ನಿನ್ನನ್ನ ಮೇಲಕ್ಕೆ ಮುಟ್ಟಿಸ್ತೀನಿ ಅಂತ. ಕಲ್ಲಿನ ಲಾರಿ ಹತ್ತೋಕೆ ನನ್ನ ಮಂಡಿ ಏಳಲ್ಲ. ಬೇರೆ ಯಾವ ಗಾಡೀನೂ ಅಲ್ಲಿಗೆ ಹೋಗಲ್ಲ. ನಾನೇನು ಮಾಡ್ಲಿ ಹೇಳಿ ಅಳಿಯಂದ್ರೇ?”

ಮಗಳು ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಎರಡು ಮಾಡಿ ಒಂದು ತುಂಡು ಅಜ್ಜಿಯ ತಟ್ಟೆಗೆ ಹಾಕಿದಳು.

“ನೀವು ತಿಳಿಸಿದೀರಿ ಅಂದ್ಕೊಂಡಿದ್ದೆ,” ಎಂದ ಟೈಲರ್. ಆಮೇಲೆ ಮಗಳ ಕಡೆ ತಿರುಗಿ, “ಬುಧವಾರ ನಿಂಗೆ ರಜ ಅಲ್ವಾ?” ಎಂದ.

“ಹೌದು. ಯಾಕೆ?”

“ಚಕ್ರ ಹಾಕಿಸ್ಕೊಂಡು ಬರೋಣ.”

ಐದು ತಿಂಗಳಲ್ಲಿ ಅವನು ಏನಾದರೂ ಮಾಡೋಣ ಎಂದದ್ದು ಅದೇ ಮೊದಲು. ಮಗಳಿಗೆ ಜಗಳ ಮುಂದುವರಿಸಲು ಬೇಕಾದಷ್ಟು ಮಾತಿತ್ತು. ಆದರೂ ತಟ್ಟೆ ಎಳೆದುಕೊಂಡು ಊಟಕ್ಕೆ ಕೈ ಹಾಕಿದಳು.

ಬುಧವಾರ ವ್ಯಾನಿಗೆ ಜೀವವೇ ಇರಲಿಲ್ಲ. ಟೈರ್ ಅಂಗಡಿಯವನೇ ಬಂದು ತನ್ನ ಗಾಡಿಯ ಬ್ಯಾಟರಿಗೆ ತಂತಿ ಕೊಟ್ಟು ಎಬ್ಬಿಸಿದ. ಐದು ಚಕ್ರಗಳನ್ನು ಒಳಗೆ ಪೇರಿಸಿದರು. ಮಗಳು ಸ್ಟೇರಿಂಗ್ ಹಿಂದೆ ಕೂತಳು. ಅವಳಿಗೆ ಲೈಸೆನ್ಸ್ ಇತ್ತು. ಅಮ್ಮ ಬೈದೂ ಬೈದೂ ಕಲಿಸಿದ್ದಳು. ಕೂತವಳು ಕನ್ನಡಿ ಸರಿಮಾಡಿಕೊಳ್ಳಲು ಕೈಯೆತ್ತಿ, ಹಾಗೇ ಇಳಿಸಿಬಿಟ್ಟಳು. ಅದು ಸರಿಯಾಗೇ ಇತ್ತು. ಇಬ್ಬರದೂ ಒಂದೇ ಎತ್ತರ.

ವ್ಯಾನು ಅಂಗಳ ಬಿಟ್ಟು ಕದಲಿದಾಗ ನಾಲ್ಕು ಟೈರೂ ದಡಬಡ ಅಂದವು. “ನಿಂತೂ ನಿಂತೂ ಒಂದೇ ಕಡೆ ಚಪ್ಪಟೆಯಾಗಿದೆ,” ಎಂದ ಅಂಗಡಿಯವನು.

ಅಂಗಡಿಯಲ್ಲಿ ಅವನು ವ್ಯಾನನ್ನು ಎತ್ತಿ ಹಳೇ ಚಕ್ರ ಬಿಚ್ಚುತ್ತ ಮಾತಾಡುತ್ತಲೇ ಇದ್ದ. “ನೋಡಿ ಸರ್, ಒಳಗೆ ಇಷ್ಟು ಮರ, ನೀರು, ಬ್ಯಾಟರಿ, ಒಂದು ಸಂಸಾರಾನೇ ಕೂತಿದೆ. ಕೆಳಗೆ ನೋಡಿದ್ರೆ ಬ್ರೆಡ್ಡು ಹೊರೋ ಟೈರು. ಮೂಟೆ ಹೊತ್ತೋನಿಗೆ ಮನೆಯೊಳಗೆ ಹಾಕೋ ಚಪ್ಪಲಿ ಕೊಟ್ಟಂಗೆ. ಮೇಡಂ ಇದನ್ನ ತೂಕ ಹಾಕಿಸ್ಕೊಂಡೇ ಬಂದಿದ್ರು. ಪಕ್ಕೆ ಗಟ್ಟಿ ಇರೋ ಟೈರೇ ಬೇಕು, ಚೂಪು ಕಲ್ಲಿನ ಮೇಲೆ ಹೋಗೋದಿದೆ ಅಂದ್ರು.”

ಟೈಲರ್ ಒಂದು ಹಳೇ ಡಬ್ಬದ ಮೇಲೆ ಕೂತು ನೋಡುತ್ತಿದ್ದ. ಚಕ್ರ ಬಿಚ್ಚಿದ ಜಾಗದಲ್ಲಿ ತುಕ್ಕು ಹಿಡಿದ ತಟ್ಟೆ, ಅದರ ಸುತ್ತ ಬೋಲ್ಟಿನ ತೂತುಗಳು. ತಂತಿಬ್ರಷ್ಷಿನಿಂದ ತುಕ್ಕು ಉಜ್ಜಿದಾಗ ಕೆಂಪು ಪುಡಿ ನೆಲಕ್ಕೆ ಉದುರಿತು. ಹೊಸ ಚಕ್ರ ಕೂತಿತು. ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದರು. ಒಂದರ ಪಕ್ಕದ್ದನ್ನೇ ಬಿಗಿಯುತ್ತ ಹೋದರೆ ಚಕ್ರ ಓರೆ ಕೂರುತ್ತದೆ ಎಂದ ಅಂಗಡಿಯವನು. ಕಾಲರ್ ಹಚ್ಚುವಾಗಲೂ ಹಾಗೇ, ಮೊದಲು ನಡುವೆ, ಆಮೇಲೆ ಎರಡು ತುದಿ. ಟೈಲರನಿಗೆ ಅದು ಹೊಳೆಯಿತು. ಹೇಳಲಿಲ್ಲ.

ನಾಲ್ಕೂ ಹಾಕಿ ಇಳಿಸಿದಾಗ ವ್ಯಾನು ಒಂದು ಗೇಣು ಎತ್ತರವಾದಂತೆ ಕಂಡಿತು. ಮಗಳು ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರಿನ ಹಲ್ಲು ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಿ ಕರ್ ಅಂದಿತು. ಅಷ್ಟನ್ನು ಬ್ಲೇಡಿನಿಂದ ಕೊಯ್ದು ತೆಗೆದರು. ಇನ್ನೊಂದು ತೊಂದರೆ ಉಳಿದೇ ಇತ್ತು: ಐದನೇ ಚಕ್ರ. ಹಳೇ ಸ್ಟೆಪ್ನಿ ವ್ಯಾನಿನ ತಳದ ತೊಟ್ಟಿಲಿನಲ್ಲಿ ಇರುತ್ತಿತ್ತು. ಹೊಸದು ಅದಕ್ಕೆ ಹಿಡಿಸಲಿಲ್ಲ. ಒತ್ತಿ ನೋಡಿದರು, ತಿರುಗಿಸಿ ನೋಡಿದರು, ಗಾಳಿ ಇಳಿಸಿಯೂ ನೋಡಿದರು.

“ಒಳಗೇ ಇಟ್ಕೊಂಡು ಓಡಾಡ್ಬೇಕು,” ಎಂದ ಅಂಗಡಿಯವನು ತಲೆ ಕೆರೆದುಕೊಂಡು.

ಒಳಗೆ ಇಡಬಹುದಾದ ಜಾಗ ಒಂದೇ, ಮಂಚ ಎಳೆಯುವ ಕಡೆ. ಚಕ್ರ ಇಟ್ಟರೆ ಮಂಚ ಹೊರಗೆ ಬರುವುದಿಲ್ಲ.

“ಹಾಗಾದ್ರೆ ಮಲಗೋಕಾಗಲ್ಲ,” ಎಂದಳು ಮಗಳು.

“ಕೂತ್ಕೊಂಡು ಹೋದ್ರಾಯ್ತು,” ಎಂದ ಟೈಲರ್.

“ಅಮ್ಮ ಆ ಮಂಚಕ್ಕೆ ಒಂದು ಬೇಸಿಗೆ ಪೂರ್ತಿ ಕೂತಿದ್ಲು ಅಪ್ಪ.”

“ಹೂಂ.”

“ಬರೀ ಹೂಂ ಅಲ್ವಾ? ನಿಂಗೆ ಏನೂ ಅನ್ಸಲ್ವಾ?” ಮಗಳ ದನಿ ಏರಿತು. ಅಂಗಡಿಯವನು ಏನೋ ಹುಡುಕುವವನಂತೆ ಒಳಗೆ ಹೋದ. “ಅವತ್ತು ಆಸ್ಪತ್ರೇಲೂ ಹೂಂ ಅಂದೆ. ಎಲ್ಲ ಮುಗಿದ್ಮೇಲೆ ಮನೆಗೆ ಬಂದು ಯಾರದೋ ಪ್ಯಾಂಟಿಗೆ ಜಿಪ್ ಹಾಕ್ತಾ ಕೂತೆ. ನಾನು ಬಾತ್‌ರೂಮಲ್ಲಿ ನಲ್ಲಿ ಬಿಟ್ಟು ಅಳ್ತೀನಿ, ಹೊರಗೆ ನಿನ್ನ ಮೆಷಿನ್ ಸದ್ದು ಕೇಳ್ತಾನೇ ಇರುತ್ತೆ.”

ಟೈಲರ್ ಡಬ್ಬದಿಂದ ಎದ್ದ. ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಸ್ಟೆಪ್ನಿಯ ಸುತ್ತಳತೆ, ದಪ್ಪ ಎರಡನ್ನೂ ನೋಡಿಕೊಂಡ.

“ಏನು ಮಾಡ್ತಿದೀಯ?”

“ಒಂದು ಗವಸು ಹೊಲೀತೀನಿ. ಒಳಗಿಟ್ರೆ ಅಜ್ಜಿ ಸೀರೆಗೆ ಮಸಿ ಆಗುತ್ತೆ.”

ಮಗಳು ಹೋಗಿ ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು.

ಗವಸು ಎರಡು ದಿನದಲ್ಲಿ ಆಯಿತು. ದಪ್ಪ ಕಾಕಿ ಬಟ್ಟೆ, ಅಂಚಿಗೆ ಲಾಡಿ. ಅದನ್ನು ಸ್ಟೆಪ್ನಿಗೆ ತೊಡಿಸಿದಾಗ ಅತ್ತೆ ನೋಡಿ, “ಯಾರೋ ಪೊಲೀಸಿನವನು ಕೂತ ಹಾಗಿದೆ,” ಎಂದರು. ಮಗಳ ತುಟಿಯಂಚಿಗೆ ನಗು ಬಂದು ಹೋಯಿತು. ಅವಳು ಔಷಧಿ ಅಂಗಡಿಯಲ್ಲಿ ಇನ್ನೊಂದು ರಜ ಕೇಳಿಕೊಂಡು ಬಂದಿದ್ದಳು.

ಶನಿವಾರ ಬೆಳಗ್ಗೆ ಹೊರಟರು. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬ್ರೆಡ್ಡು ಕಟ್ಟಿಕೊಂಡಿದ್ದರು. ಟೈಲರ್ ಮುಂದೆ ಕೂತ. ಅತ್ತೆ ಹಿಂದಿನ ಬೆಂಚಿನಲ್ಲಿ, ಸ್ಟೆಪ್ನಿಗೆ ಒಂದು ಕೈ ಕೊಟ್ಟುಕೊಂಡು. ಊರು ದಾಟುವವರೆಗೆ ದಪ್ಪ ಟೈರಿನ ಗುಂಯ್ ಸದ್ದು ಮಾತ್ರ ನೆಲದಿಂದ ಬರುತ್ತಿತ್ತು.

ಹೆದ್ದಾರಿ ಮುಗಿದ ಮೇಲೆ ಅತ್ತೆ ಮುಂದಕ್ಕೆ ಬಾಗಿದರು. “ಅಳಿಯಂದ್ರೇ, ಒಂದು ಮಾತು.”

“ಹೇಳಿ ಅತ್ತೆ.”

“ನಾನೇ ಹೇಳ್ತೀನಿ ಅಂದಿದ್ದೆ. ಆದ್ರೆ ನನ್ನ ಬಾಯಿಂದ ಬರಲ್ಲ. ನೀವೇ ಹೇಳ್ಬೇಕು.”

ಮಗಳು ಓರೆಗಣ್ಣಲ್ಲಿ ಅಪ್ಪನನ್ನು ನೋಡಿದಳು.

“ಹೂಂ,” ಎಂದ ಟೈಲರ್.

ಗಣಿ ರಸ್ತೆ ಶುರುವಾದಲ್ಲಿ ಡಾಂಬರು ಹೆಸರಿಗೂ ಇರಲಿಲ್ಲ. ಒಡೆದ ಸ್ಲೇಟು ಕಲ್ಲಿನ ಚಕ್ಕೆಗಳು ದಾರಿಯ ತುಂಬ ಚಾಕುವಿನಂತೆ ನಿಂತಿದ್ದವು. ಮಗಳು ಮೊದಲ ಗೇರಿಗೆ ಇಳಿಸಿದಳು. ಹಿಂದಿನ ಗೂಡಿನಲ್ಲಿ ಲೋಟಗಳು ಗಲಗಲ ಅಂದವು. ಒಂದು ತಿರುವಿನಲ್ಲಿ ಅತ್ತೆ, “ಇಲ್ಲೇ, ಇಲ್ಲೇ ಸೀಳಿದ್ದು,” ಎಂದು ಕಣ್ಣು ಮುಚ್ಚಿಕೊಂಡರು. ವ್ಯಾನು ಆ ಕಡೆ ಈ ಕಡೆ ತೂಗಿ, ಕಲ್ಲನ್ನು ಕಟಕಟ ಕಡಿದು, ದಾಟಿತು. ಮಗಳು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಿದ್ದ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದಳು.

“ಏನೂ ಆಗ್ಲಿಲ್ಲ,” ಎಂದಳು, ಯಾರಿಗೆಂದಿಲ್ಲದೆ.

ಮೇಲೆ ಒಂದೇ ಸಾಲಿನ ಮನೆಗಳು, ಚಾವಣಿಗೂ ಗೋಡೆಗೂ ಅದೇ ಸ್ಲೇಟು ಕಲ್ಲು. ಆಚೆ ಗಣಿಯಲ್ಲಿ ಸುತ್ತಿಗೆಗಳ ಸದ್ದು. ಕೊನೇ ಮನೆಯ ಮುಂದೆ ಒಬ್ಬ ತೆಳ್ಳನೆಯ ಮುದುಕಿ ನಲ್ಲಿಗೆ ಬಕೆಟ್ಟು ಇಟ್ಟು ನಿಂತಿದ್ದಳು. ವ್ಯಾನು ಹತ್ತಿರ ಬಂದು ನಿಂತ ಮೇಲೇ ಅವಳು ತಿರುಗಿದ್ದು. ನೀರು ತುಂಬಿ ಹರಿಯುತ್ತಿದ್ದುದನ್ನು ಹಾಗೇ ಬಿಟ್ಟು ಓಡೋಡಿ ಬಂದಳು. ಬಂದವಳು ಮೊದಲು ಯಾರ ಮುಖವನ್ನೂ ನೋಡಲಿಲ್ಲ. ಬಗ್ಗಿ ಮುಂದಿನ ಟೈರಿಗೆ ಅಂಗೈಯಿಂದ ಎರಡೇಟು ಹೊಡೆದಳು, ಕರುವಿನ ಬೆನ್ನು ತಟ್ಟುವ ಹಾಗೆ.

“ಅಂತೂ ಹಾಕಿಸಿದ್ಲು!” ಎಂದಳು.

ಡ್ರೈವರ್ ಬಾಗಿಲ ಕಡೆ ಹೋಗಿ ಅದನ್ನು ತಾನೇ ತೆಗೆದಳು. ಮಗಳ ಮುಖ ಕಂಡು ಒಂದು ಕ್ಷಣ ತಡೆದು, ಆಮೇಲೆ ಎರಡು ಕೈಯಲ್ಲೂ ಆ ಮುಖ ಹಿಡಿದುಕೊಂಡಳು. “ನೀನು ಓಡಿಸ್ಕೊಂಡು ಬಂದ್ಯಾ ಪುಟ್ಟಿ? ಅವಳೆಲ್ಲಿ? ಹಿಂದೆ ಮಲಗಿದಾಳಾ? ನಿನ್ನ ಕೈಲಿ ಗಾಡಿ ಕೊಟ್ಟು ಮಲಗಿದಾಳಾ ಸೋಮಾರಿ?” ಪಕ್ಕದ ಬಾಗಿಲು ಸರಿಸಿದಳು. ಅಲ್ಲಿ ಅಕ್ಕ ಕೂತಿದ್ದರು. ಅಕ್ಕನ ಭುಜದಾಚೆ ಒಳಗೆಲ್ಲ ಕಣ್ಣಾಡಿಸಿದಳು. ಕಾಕಿ ಗವಸು ತೊಟ್ಟ ಚಕ್ರ ಇತ್ತು.

ಟೈಲರ್ ಇಳಿದು ವ್ಯಾನಿನ ಈ ಬದಿಗೆ ಬಂದಿದ್ದ.

“ಚಿಕ್ಕಮ್ಮ, ಅವಳು ಇಲ್ಲ.”

“ಆಂ?”

“ಅವಳು ಇಲ್ಲ.”

“ಬಂದಿಲ್ವಾ? ಯಾಕೆ, ಶಾಲೆಯೋರು ರಜ ಕೊಡ್ಲಿಲ್ವಾ?”

ಟೈಲರ್ ಅವಳ ಕಿವಿಯ ಹತ್ತಿರ ಬಗ್ಗಿದ. “ತೀರಿಕೊಂಡ್ಲು,” ಎಂದ.

ಮುದುಕಿ ಅವನ ಮೊಣಕೈ ಹಿಡಿದುಕೊಂಡು ಬಾಯಿಯನ್ನೇ ನೋಡುತ್ತಿದ್ದಳು. “ಆಂ?”

“ತೀರಿಕೊಂಡ್ಲು ಚಿಕ್ಕಮ್ಮ!”

“ಆಂ?”

“ಸತ್ತುಹೋದ್ಲು!” ಟೈಲರ್ ಕೂಗಿದ. “ನನ್ನ ಹೆಂಡ್ತಿ ಸತ್ತುಹೋದ್ಲು!”

ಗಣಿಯಲ್ಲಿ ಸುತ್ತಿಗೆಗಳು ಒಂದೊಂದಾಗಿ ನಿಂತವು. ಪಕ್ಕದ ಮನೆಯ ಬಾ‌ಗಿಲಿಗೆ ಯಾರೋ ಬಂದರು. ಟೈಲರನಿಗೆ ನಿಲ್ಲಿಸಲಾಗಲಿಲ್ಲ. “ಬಸ್ಸು ತೊಳೀತಿದ್ಲು! ತಲೆನೋವು ಅಂತ ಕೂತ್ಲಂತೆ! ನಂಗೆ ಫೋನ್ ಬಂದಾಗ ನಾನು ಗುಂಡಿ ಹೊಲೀತಿದ್ದೆ! ಗುಂಡಿ ಹೊಲಿದು ಮುಗಿಸಿ ಹೋದೆ! ನಾನು ಹೋಗೋ ಹೊತ್ತಿಗೆ ಇರ್ಲಿಲ್ಲ ಚಿಕ್ಕಮ್ಮ! ಇರ್ಲಿಲ್ಲ!”

ಮಗಳು ಸ್ಟೇರಿಂಗ್ ಹಿಡಿದೇ ಕೂತಿದ್ದಳು. ಅಪ್ಪನ ದನಿ ಇಷ್ಟು ಜೋರಾಗಿರಬಲ್ಲದು ಎಂದು ಅವಳಿಗೆ ಗೊತ್ತಿರಲಿಲ್ಲ.

ಮುದುಕಿ ತಣ್ಣನೆಯ ಒದ್ದೆ ಅಂಗೈಯನ್ನು ಅವನ ಬಾಯಿಗೆ ಅಡ್ಡ ಇಟ್ಟಳು.

“ಸಾಕು ಕಣಪ್ಪ. ಮೊದಲನೇ ಸಲಾನೇ ಕೇಳಿಸ್ತು.”

“ಮತ್ತೆ ಆಂ, ಆಂ ಅಂದ್ಯಲ್ಲೇ?” ಎಂದರು ಅತ್ತೆ ಒಳಗಿಂದ, ಅಳುತ್ತ.

ತಂಗಿ ಅಕ್ಕನ ಬಾಯಿ ನೋಡಿದಳು. ಅರ್ಥವಾಯಿತೋ ಊಹಿಸಿಕೊಂಡಳೋ. “ತಪ್ಪು ಕೇಳಿಸಿರಬಹುದು ಅಂದ್ಕೊಂಡೆ,” ಎಂದಳು. “ಈ ಕಿವಿ ದಿನಾ ಎಷ್ಟೋ ತಪ್ಪು ಕೇಳುತ್ತೆ.”

ಹೋಗಿ ನಲ್ಲಿ ನಿಲ್ಲಿಸಿದಳು. ಬಕೆಟ್ಟು ಎತ್ತಿಕೊಂಡು ಒಳಗೆ ನಡೆದಳು. ಸ್ವಲ್ಪ ಹೊತ್ತಿಗೆ ಒಳಗಿಂದ ಪಾತ್ರೆಯ ಸದ್ದು ಬಂತು. ಬಂದವರಿಗೆ ಚಹಾಕ್ಕೆ ನೀರಿಟ್ಟಿದ್ದಳು.

ಆ ದಿನ ಅವಳು ಅಕ್ಕನ ಜೊತೆ ಒಂದು ಮಾತೂ ಆಡಲಿಲ್ಲ. ಟೈಲರನಿಗೆ ಬಡಿಸಿದಳು, ಮೊಮ್ಮಗಳ ತಲೆ ಬಾಚಿದಳು. ಅಕ್ಕನ ತಟ್ಟೆಯನ್ನು ಮುಂದಿಟ್ಟು ಮುಖ ಆ ಕಡೆ ತಿರುಗಿಸಿದಳು. ಸಂಜೆ ಹೊರಡುವ ಹೊತ್ತಿಗೆ ಗೋಡೆಗೆ ಮಾತ್ರ ಹೇಳಿದಳು: “ಚೆನ್ನಾಗಿದಾಳೆ, ಚೆನ್ನಾಗಿದಾಳೆ ಅಂತ ಹೇಳಿಸ್ತಾ ಇದ್ರು. ನಾನು ಚಳಿಗಾಲಕ್ಕೆ ಅಂತ ಸ್ವೆಟರ್ ಹೆಣೀತಿದ್ದೆ.”

ಅತ್ತೆ ವ್ಯಾನು ಹತ್ತಲಿಲ್ಲ. “ನೀವು ಹೊರಡಿ,” ಎಂದರು. “ಅವಳು ಬಾಯಿ ಬಿಟ್ಟು ಬೈಯೋವರೆಗೂ ನಾನು ಇಲ್ಲಿಂದ ಏಳಲ್ಲ.”

“ಎಷ್ಟು ದಿನ ಅಜ್ಜಿ?”

“ಅವಳ ಹಟ ನಿಂಗೊತ್ತಿಲ್ಲ. ಒಂದು ತಿಂಗಳು ಅಂದ್ಕೋ.”

ಮಗಳು ವ್ಯಾನಿನ ಸುತ್ತ ಒಂದು ಸುತ್ತು ಬಂದಳು. ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಕಲ್ಲಿನ ಚೂರೊಂದನ್ನು ಕಿತ್ತು ಎಸೆದಳು. “ಹಾಗಾದ್ರೆ ಮುಂದಿನ ತಿಂಗಳು ಮತ್ತೆ ಬರ್ಬೇಕು ಅಪ್ಪ,” ಎಂದಳು. ವ್ಯಾನು ಕೊಳ್ಳಲು ಬಂದಿದ್ದ ಜೋಡಿಗೆ ಫೋನ್ ಮಾಡುವ ಮಾತನ್ನು ಅವಳು ಎತ್ತಲಿಲ್ಲ, ಅವನೂ ಕೇಳಲಿಲ್ಲ.

ಕೂಗಿದ್ದಕ್ಕೆ ಟೈಲರನ ಗಂಟಲು ಕಟ್ಟಿತು. ಸೋಮವಾರ ಅಂಗಡಿ ತೆರೆದಾಗಲೂ ದನಿ ಸರಿಹೋಗಿರಲಿಲ್ಲ. ಕೋಟು ಹೊಲಿಸಲು ಬಂದಿದ್ದ ಹೊಸ ಗಿರಾಕಿಯೊಬ್ಬ ತೋಳು ಚಾಚಿ ನಿಂತು, “ಶೀತನಾ?” ಎಂದು ಕೇಳಿದ.

“ಶೀತ ಅಲ್ಲ. ಕೂಗಿದೆ.”

“ಯಾಕೆ, ಯಾರ ಹತ್ರ ಜಗಳ?”

“ಜಗಳ ಅಲ್ಲ. ನನ್ನ ಹೆಂಡ್ತಿ ಸತ್ತುಹೋದ್ಲು,” ಎಂದ ಟೈಲರ್. “ಕಿವಿ ಕೇಳದೋರಿಗೆ ಅದನ್ನ ಹೇಳ್ಬೇಕಾಗಿತ್ತು.”

ಗಿರಾಕಿ ಚಾಚಿದ ತೋಳನ್ನು ಇಳಿಸಬೇಕೋ ಬೇಡವೋ ತಿಳಿಯದೆ ಹಾಗೇ ನಿಂತ. ಟೈಲರ್ ಟೇಪಿನ ತುದಿಯನ್ನು ಅವನ ಭುಜಕ್ಕಿಟ್ಟು ಮಣಿಕಟ್ಟಿನವರೆಗೆ ಎಳೆದ. ಅಂಕಿ ಕಾಣಿಸಲಿಲ್ಲ. ಕಣ್ಣು ಒರೆಸಿಕೊಂಡು ಇನ್ನೊಂದು ಸಲ ನೋಡಿದ.